ಸೆಸಿಲ್ ಕಿಂಬರ್

ಸೆಸಿಲ್ ಕಿಂಬರ್ (12 ಏಪ್ರಿಲ್ 1888 – 4 ಫೆಬ್ರವರಿ 1945) ಇಂಗ್ಲೆಂಡಿನ ಮೋಟಾರು ವಾಹನ ಉದ್ಯಮಿ. ಎಂ.ಜಿ. ಎಂಬ ಹೆಸರಿನಿಂದ ಪ್ರಸಿದ್ಧವಾದ ತೆರೆದ ಸ್ಪೋರ್ಟ್ಸ್ ಕಾರುಗಳಿಗೆ ಜನ್ಮ ನೀಡಿದವರು ಇವರೇ. ಸಾಮಾನ್ಯ ಕುಟುಂಬಗಳಿಗಾಗಿ ತಯಾರಾಗುತ್ತಿದ್ದ ಮಾರಿಸ್ ಕಾರುಗಳ ಚಾಸಿ ಮತ್ತು ಎಂಜಿನ್ನುಗಳನ್ನು ಬಳಸಿಕೊಂಡು, ಅವುಗಳಿಗೆ ಹಗುರವಾದ, ಅಂದವಾದ ಹೊಸ ಕವಚವನ್ನು ತೊಡಿಸಿ, ಮಧ್ಯಮ ವರ್ಗದವರ ಕೈಗೆಟಕುವ ಬೆಲೆಗೆ ಮಾರಿದ್ದು ಇವರ ವಿಶೇಷ ಸಾಧನೆ. ತಾವೇ ಕಟ್ಟಿದ ಸಂಸ್ಥೆಯಿಂದ 1941ರಲ್ಲಿ ಹೊರಬೀಳಬೇಕಾದ ಇವರು ನಾಲ್ಕು ವರ್ಷಗಳೊಳಗೆ ರೈಲು ಅಪಘಾತವೊಂದರಲ್ಲಿ ಮೃತಪಟ್ಟರು. ಇವರ ಕಾಲದ ಕಾರುಗಳೂ, ಇವರ ಮಾದರಿಯನ್ನೇ ಅನುಸರಿಸಿ ಮುಂದೆ ಬಂದ ಕಾರುಗಳೂ ಇಂದಿಗೂ ಅನೇಕ ದೇಶಗಳಲ್ಲಿ ಮಾಲೀಕರ ಸ್ವಂತ ಆರೈಕೆಯಿಂದಲೇ ಓಡುತ್ತಿವೆ.

ಜನನ ಮತ್ತು ಬಾಲ್ಯ

ಸೆಸಿಲ್ ಕಿಂಬರ್ ಲಂಡನ್ ನಗರದಲ್ಲಿ ಜನಿಸಿದರು. ತಂದೆ ಹೆನ್ರಿ ಕಿಂಬರ್ ಮುದ್ರಣ ಯಂತ್ರಗಳ ತಂತ್ರಜ್ಞರು, ತಾಯಿ ಫ್ಯಾನಿ. ಕುಟುಂಬವು ಮುಂದೆ ಇಂಗ್ಲೆಂಡಿನ ವಾಯವ್ಯ ಭಾಗಕ್ಕೆ ವಲಸೆ ಹೋದುದರಿಂದ ಇವರ ವಿದ್ಯಾಭ್ಯಾಸ ಸ್ಟಾಕ್‌ಪೋರ್ಟ್ ಗ್ರಾಮರ್ ಶಾಲೆಯಲ್ಲಿ ನಡೆಯಿತು. ಶಾಲೆ ಮುಗಿದ ಬಳಿಕ ತಂದೆಯ ಮುದ್ರಣ ಶಾಯಿಯ ಉದ್ಯಮದಲ್ಲಿ ಕೆಲಸಕ್ಕೆ ಸೇರಿದರು. ಮೋಟಾರು ವಾಹನಗಳು ಆಗಷ್ಟೇ ಜನಜೀವನದೊಳಗೆ ಕಾಲಿಡುತ್ತಿದ್ದ ಕಾಲವದು. ತರುಣ ಕಿಂಬರರಿಗೆ ಮೋಟಾರು ಸೈಕಲ್ಲಿನ ಗೀಳು ಹತ್ತಿತು. ರೆಕ್ಸ್ ಕಂಪನಿಯ ಮೋಟಾರು ಸೈಕಲ್ಲೊಂದನ್ನು ಕೊಂಡು ಬಿಡುವಿನ ವೇಳೆಯನ್ನೆಲ್ಲ ಅದರೊಡನೆ ಕಳೆಯತೊಡಗಿದರು.

ಅಪಘಾತ ಮತ್ತು ತಂದೆಯೊಡನೆ ವಿರಸ

ಗೆಳೆಯನೊಬ್ಬನ ಮೋಟಾರು ಸೈಕಲ್ಲನ್ನು ಓಡಿಸುತ್ತಿದ್ದಾಗ ಸಂಭವಿಸಿದ ಅಪಘಾತದಲ್ಲಿ ಕಿಂಬರರ ಬಲಗಾಲು ತೀವ್ರವಾಗಿ ಜಖಂಗೊಂಡಿತು. ಕಾಲನ್ನೇ ಕತ್ತರಿಸಬೇಕಾದೀತೆಂಬ ಸ್ಥಿತಿ ಉಂಟಾಗಿತ್ತು. ಕೊನೆಗೆ ಕಾಲು ಉಳಿಯಿತಾದರೂ ಎಡಗಾಲಿಗಿಂತ ಗಿಡ್ಡವಾಯಿತು. ಅಂದಿನಿಂದ ಅವರು ಜೀವನಪರ್ಯಂತ ಕುಂಟುತ್ತಲೇ ನಡೆಯಬೇಕಾಯಿತು.

ಅಪಘಾತಕ್ಕೆ ಪರಿಹಾರವಾಗಿ ದೊರೆತ ಹಣದಿಂದ ಅವರು 1913ರಲ್ಲಿ ಹತ್ತು ಅಶ್ವಶಕ್ತಿಯ ಸಿಂಗರ್ ಕಾರನ್ನು ಕೊಂಡರು. ಅದು ಅವರ ಮೊದಲ ಕಾರು. ದ್ವಿಚಕ್ರದ ಸವಾರಿ ಕಷ್ಟವಾದ ತರುಣನಿಗೆ ನಾಲ್ಕು ಚಕ್ರಗಳ ಲೋಕ ತೆರೆದದ್ದು ಹೀಗೆ. ಉದ್ಯಮ ಸೊರಗುತ್ತಿದ್ದುದರಿಂದ ಆ ಹಣವನ್ನು ಅದರಲ್ಲಿ ತೊಡಗಿಸಬೇಕೆಂಬುದು ತಂದೆಯ ಅಪೇಕ್ಷೆಯಾಗಿತ್ತು. ಮಗ ಒಪ್ಪಲಿಲ್ಲ. ಈ ಕಾರಣದಿಂದ ತಂದೆ ಮತ್ತು ಮಗನ ನಡುವೆ ಮಾತು ನಿಂತುಹೋಯಿತು. ಕಿಂಬರರು ಮನೆಯ ಉದ್ಯಮವನ್ನು ತ್ಯಜಿಸಿ ಮೋಟಾರು ಉದ್ಯಮದಲ್ಲಿ ನೆಲೆ ಕಂಡುಕೊಳ್ಳಲು ಹೊರಟರು.

ಉದ್ಯೋಗದ ಆರಂಭದ ವರ್ಷಗಳು

ಕಿಂಬರರು ಮೊದಲು ಷೆಫೀಲ್ಡ್-ಸಿಂಪ್ಲೆಕ್ಸ್ ಎಂಬ ದುಬಾರಿ ಕಾರುಗಳ ತಯಾರಿಕಾ ಸಂಸ್ಥೆಯಲ್ಲಿ ಮುಖ್ಯ ವಿನ್ಯಾಸಕಾರರ ಸಹಾಯಕರಾದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಎ.ಸಿ. ಕಾರ್ಸ್ ಸಂಸ್ಥೆಯಲ್ಲಿ ದುಡಿದು, ಅನಂತರ ಬರ್ಮಿಂಗ್‌ಹ್ಯಾಮ್ ನಗರದ ಇ.ಜಿ. ರಿಗ್ಲಿ ಸಂಸ್ಥೆಗೆ ಸೇರಿದರು. ಗೇರ್‌ಬಾಕ್ಸ್, ಆಕ್ಸಲ್ ಮುಂತಾದ ಬಿಡಿಭಾಗಗಳನ್ನು ತಯಾರಿಸಿ ಇತರ ಕಾರು ಕಂಪನಿಗಳಿಗೆ ಒದಗಿಸುತ್ತಿದ್ದ ಸಂಸ್ಥೆಯದು. ಅಲ್ಲಿ ಅವರು ತಮ್ಮ ಸ್ವಂತ ಹಣವನ್ನೂ ತೊಡಗಿಸಿದ್ದರು. ರಿಗ್ಲಿ ಸಂಸ್ಥೆಯು ಆಂಗಸ್-ಸ್ಯಾಂಡರ್ಸನ್ ಎಂಬ ಹೊಸ ಕಾರಿನ ಯೋಜನೆಯನ್ನು ನೆಚ್ಚಿಕೊಂಡಿತ್ತು. ಆ ಯೋಜನೆ ವಿಫಲವಾದಾಗ ಸಂಸ್ಥೆಯೊಡನೆ ಕಿಂಬರರೂ ನಷ್ಟಕ್ಕೆ ಗುರಿಯಾದರು. ರಿಗ್ಲಿ ಸಂಸ್ಥೆಯನ್ನು 1923ರಲ್ಲಿ ಆಕ್ಸ್‌ಫರ್ಡಿನ ವಿಲಿಯಂ ಮಾರಿಸ್ ಕೊಂಡುಕೊಂಡರು.

ಸ್ವತಂತ್ರವಾಗಿ ಹೊಸ ಕಾರೊಂದನ್ನು ಮೊದಲಿನಿಂದ ರೂಪಿಸುವುದು ಎಷ್ಟು ಅಪಾಯಕಾರಿ ಎಂಬುದನ್ನು ಈ ವರ್ಷಗಳು ಅವರಿಗೆ ತೋರಿಸಿಕೊಟ್ಟಿದ್ದವು. ಮುಂದೆ ಅವರು ಅನುಸರಿಸಿದ ದಾರಿ ಇದಕ್ಕೆ ತದ್ವಿರುದ್ಧವಾಗಿತ್ತು.

ಮಾರಿಸ್ ಗ್ಯಾರೇಜಸ್

ವಿಲಿಯಂ ಮಾರಿಸ್ ಸೈಕಲ್ ರಿಪೇರಿಯಿಂದ ಜೀವನ ಆರಂಭಿಸಿ ಬ್ರಿಟನ್ನಿನ ಅತಿದೊಡ್ಡ ಕಾರು ತಯಾರಕರಲ್ಲಿ ಒಬ್ಬರಾಗಿ ಬೆಳೆದವರು. ಕೌಲಿ ಎಂಬಲ್ಲಿದ್ದ ಅವರ ಕಾರ್ಖಾನೆಯಲ್ಲದೆ, ಆಕ್ಸ್‌ಫರ್ಡ್ ಪಟ್ಟಣದೊಳಗೆ ಮಾರಿಸ್ ಗ್ಯಾರೇಜಸ್ ಎಂಬ ಮಾರಾಟ ಮತ್ತು ರಿಪೇರಿ ಮಳಿಗೆಯೂ ಅವರ ಸ್ವಂತ ಒಡೆತನದಲ್ಲಿತ್ತು. ಕಿಂಬರರು 1921ರಲ್ಲಿ ಈ ಮಳಿಗೆಯ ಮಾರಾಟ ವ್ಯವಸ್ಥಾಪಕರಾಗಿ ನೇಮಕಗೊಂಡು ಮರುವರ್ಷವೇ ಪ್ರಧಾನ ವ್ಯವಸ್ಥಾಪಕರಾದರು.

ಅಂದಿನ ಮಾರಿಸ್ ಕೌಲಿ ಮತ್ತು ಮಾರಿಸ್ ಆಕ್ಸ್‌ಫರ್ಡ್ ಕಾರುಗಳು ನಂಬಿಕೆಗೆ ಅರ್ಹವಾಗಿದ್ದವು, ಬೆಲೆಯೂ ಕಡಿಮೆ. ಆದರೆ ನೋಟದಲ್ಲಿ ಸಪ್ಪೆ. ಸ್ವಲ್ಪ ಹೆಚ್ಚು ಹಣ ತೆತ್ತಾದರೂ ನೆರೆಯವರ ಕಾರಿಗಿಂತ ಭಿನ್ನವಾದುದನ್ನು ಬಯಸುವ ಗ್ರಾಹಕರಿದ್ದಾರೆ ಎಂಬುದನ್ನು ಕಿಂಬರರು ಗ್ರಹಿಸಿದರು. ಅವರು ಕೌಲಿ ಕಾರಿನ ಚಾಸಿಯನ್ನು ತರಿಸಿಕೊಂಡು, ಅದರ ಮೇಲೆ ಹೊರಗಿನ ಕುಶಲಕರ್ಮಿಗಳಿಂದ ಬೇರೆಯೇ ಬಾಡಿ ಕಟ್ಟಿಸಿದರು. ಮೊದಲು ಬಂದದ್ದು ಚಮ್ಮಿ ಎಂಬ ಕಾರು. ಮುಂದೆ ಇಬ್ಬರು, ಹಿಂದೆ ಇಕ್ಕಟ್ಟಾದ ಜಾಗದಲ್ಲಿ ಮತ್ತಿಬ್ಬರು ಕೂರಬಹುದಾಗಿದ್ದು, ಎಲ್ಲರನ್ನೂ ಒಂದೇ ಮಡಚುವ ಬಟ್ಟೆಯ ಹುಡ್ ಮಳೆಯಿಂದ ಕಾಯುತ್ತಿತ್ತು. ಇದು ಚೆನ್ನಾಗಿ ಮಾರಾಟವಾಯಿತು. 1923ರ ಲ್ಯಾಂಡ್ಸ್ ಎಂಡ್ ಟ್ರಯಲ್ ಎಂಬ ದೂರ ಪ್ರಯಾಣದ ಸ್ಪರ್ಧೆಯಲ್ಲಿ ಚಮ್ಮಿಯನ್ನು ಸ್ವತಃ ಓಡಿಸಿ ಕಿಂಬರರು ಚಿನ್ನದ ಪದಕ ಪಡೆದರು.

ಅದೇ ವರ್ಷ ಆಕ್ಸ್‌ಫರ್ಡಿನ ರಾವರ್ತ್ ಎಂಬ ಬಾಡಿ ನಿರ್ಮಾಣ ಸಂಸ್ಥೆಯಿಂದ ಎರಡು ಆಸನಗಳ ಆರು ಕಾರುಗಳನ್ನು ಮಾಡಿಸಿದರು. ಓರೆಯಾದ ಮುಂಗಾಜು ಹಾಗೂ ಹಡಗಿನ ಗಾಳಿಕೊಳವೆಗಳನ್ನು ಹೋಲುವ ಗಾಳಿದ್ವಾರಗಳು ಇವುಗಳ ಆಕರ್ಷಣೆ. ಈ ಆರು ಕಾರುಗಳು ನಿಧಾನವಾಗಿಯೇ ಮಾರಾಟವಾದವು. ಆದರೂ ಕಿಂಬರರು ಹಿಂಜರಿಯದೆ ಮಾರಿಸ್ ಆಕ್ಸ್‌ಫರ್ಡಿನ ಚಾಸಿಯ ಮೇಲೆ 14/28 ಸೂಪರ್ ಸ್ಪೋರ್ಟ್ಸ್ ಎಂಬ ಕಾರನ್ನು ಹೊರತಂದರು. ಮಾರಿಸ್ ಗ್ಯಾರೇಜಸ್ ಎಂಬುದರ ಮೊದಲ ಅಕ್ಷರಗಳಾದ ಎಂ.ಜಿ. ಎಂಬುದನ್ನು ಅಷ್ಟಭುಜಾಕೃತಿಯೊಳಗೆ ಬರೆದ ಲಾಂಛನವು ಈ ಕಾಲದಿಂದಲೇ ಜಾಹೀರಾತುಗಳಲ್ಲಿ ಕಾಣಿಸಿಕೊಂಡಿತು.

ಓಲ್ಡ್ ನಂಬರ್ ಒನ್

1925ರ ಈಸ್ಟರ್ ಹಬ್ಬದ ವೇಳೆಗೆ ಕಿಂಬರರು ಲ್ಯಾಂಡ್ಸ್ ಎಂಡ್ ಟ್ರಯಲ್‌ಗಾಗಿ ವಿಶೇಷ ಕಾರೊಂದನ್ನು ಸಿದ್ಧಪಡಿಸಿದರು. ಮಾರಿಸ್ ಚಾಸಿಯನ್ನು ತಿದ್ದಿ, ಅದಕ್ಕೆ ಹಾಚ್‌ಕಿಸ್ ಎಂಜಿನ್ ಕೂರಿಸಿ, ಇಬ್ಬರಿಗಷ್ಟೇ ಸಾಲುವ ಕಿರಿದಾದ ಬಾಡಿಯನ್ನು ಅಳವಡಿಸಲಾಗಿತ್ತು. ಈ ಕಾರಿನಲ್ಲೂ ಕಿಂಬರರಿಗೆ ಚಿನ್ನದ ಪದಕ ದೊರೆಯಿತು. ಸ್ಪರ್ಧೆ ಮುಗಿದ ಮೇಲೆ ಕಾರನ್ನು ಮಾರಲಾಯಿತು. ಕೆಲವು ವರ್ಷಗಳ ನಂತರ ಅದು ಗುಜರಿ ಸೇರಿತ್ತು. ಕಂಪನಿಯವರು ಅದನ್ನು ಅಲ್ಪ ಬೆಲೆಗೆ ಮರಳಿ ಕೊಂಡು ದುರಸ್ತಿಗೊಳಿಸಿದರು. ಓಲ್ಡ್ ನಂಬರ್ ಒನ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಕಾರು ಎಂ.ಜಿ. ಎಂಬ ಹೆಸರಿನ ಮೊಟ್ಟಮೊದಲ ಕಾರಲ್ಲ. ಅದಕ್ಕೂ ಹಿಂದೆಯೇ ಎಂ.ಜಿ. ಕಾರುಗಳು ಮಾರಾಟವಾಗಿದ್ದವು. ಆದರೆ ಸ್ಪರ್ಧೆಗೆಂದೇ ರೂಪುಗೊಂಡ ಎಂ.ಜಿ. ಕಾರುಗಳ ಪರಂಪರೆ ಇದರಿಂದ ಆರಂಭವಾಯಿತು.

ಮಿಡ್ಜೆಟ್ ಮತ್ತು ಅಬಿಂಗ್ಡನ್ ಕಾರ್ಖಾನೆ

ಬೇಡಿಕೆ ಹೆಚ್ಚಿದಂತೆಲ್ಲ ಕಾರ್ಯಾಗಾರವು ಆಕ್ಸ್‌ಫರ್ಡಿನೊಳಗೇ ಒಂದೆಡೆಯಿಂದ ಮತ್ತೊಂದೆಡೆಗೆ ಸ್ಥಳಾಂತರಗೊಳ್ಳುತ್ತ ಬಂದಿತು. 1928ರಲ್ಲಿ ಎಂ.ಜಿ. ಕಾರ್ ಕಂಪನಿ ಪ್ರತ್ಯೇಕ ಸಂಸ್ಥೆಯಾಗಿ ರೂಪುಗೊಂಡಿತು. ಅದೇ ವರ್ಷ ಲಂಡನ್ನಿನ ಒಲಿಂಪಿಯಾ ಮೋಟಾರು ಪ್ರದರ್ಶನದಲ್ಲಿ ಎಂ-ಟೈಪ್ ಮಿಡ್ಜೆಟ್ ಎಂಬ ಪುಟ್ಟ ಕಾರು ಜನರ ಮುಂದೆ ಬಂದಿತು.

ಹೊಸದಾಗಿ ಬಂದಿದ್ದ ಮಾರಿಸ್ ಮೈನರ್ ಕಾರಿನ ಚಾಸಿ ಮತ್ತು 847 ಸಿ.ಸಿ. ಎಂಜಿನ್ನೇ ಮಿಡ್ಜೆಟ್‌ಗೆ ಆಧಾರ. ಅದರ ಮೇಲೆ ಮರದ ಚೌಕಟ್ಟು ಮತ್ತು ಪ್ಲೈವುಡ್ ಜೋಡಿಸಿ, ಬಟ್ಟೆಯ ಹೊದಿಕೆ ಹೊದಿಸಿ, ದೋಣಿಯ ತುದಿಯಂತೆ ಚೂಪಾದ ಹಿಂಭಾಗವನ್ನು ಕೊಡಲಾಗಿತ್ತು. ಬೆಲೆ 175 ಪೌಂಡುಗಳು. ಅದುವರೆಗೆ ಸ್ಪೋರ್ಟ್ಸ್ ಕಾರು ಎಂದರೆ ಸಿರಿವಂತರ ಆಟಿಕೆಯಾಗಿತ್ತು. ಮಿಡ್ಜೆಟ್ ಆ ಭಾವನೆಯನ್ನು ಬದಲಿಸಿತು. ಉತ್ಪಾದನೆ ನಿಲ್ಲುವ ಹೊತ್ತಿಗೆ ಮೂರು ಸಾವಿರಕ್ಕೂ ಹೆಚ್ಚು ಎಂ-ಟೈಪ್ ಕಾರುಗಳು ತಯಾರಾಗಿದ್ದವು.

1929ರಲ್ಲಿ ಕಂಪನಿಯು ಆಕ್ಸ್‌ಫರ್ಡಿನ ದಕ್ಷಿಣಕ್ಕಿರುವ ಅಬಿಂಗ್ಡನ್ ಎಂಬ ಸಣ್ಣ ಪಟ್ಟಣಕ್ಕೆ, ಚರ್ಮೋದ್ಯಮವೊಂದು ತೆರವು ಮಾಡಿದ್ದ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಮುಂದಿನ ಅರ್ಧ ಶತಮಾನ ಅಬಿಂಗ್ಡನ್ ಎಂದರೆ ಎಂ.ಜಿ. ಎಂಬಂತಾಯಿತು. ಕಿಂಬರರು ವ್ಯವಸ್ಥಾಪಕ ನಿರ್ದೇಶಕರಾದರು. ಹ್ಯೂಬರ್ಟ್ ಚಾರ್ಲ್ಸ್, ಸೆಸಿಲ್ ಕಸಿನ್ಸ್, ರೆಜ್ ಜಾಕ್ಸನ್, ಸಿಡ್ ಎನೆವರ್ ಮುಂತಾದ ಪ್ರತಿಭಾವಂತರು ಅವರ ಬಳಗದಲ್ಲಿದ್ದರು. ಎಂ.ಜಿ. ಮಾಲೀಕರೆಲ್ಲ ಸೇರಿ 1930ರಲ್ಲಿ ಎಂ.ಜಿ. ಕಾರ್ ಕ್ಲಬ್ ಸ್ಥಾಪಿಸಿದರು. ಅದರ ಆರಂಭದ ಕಾರ್ಯದರ್ಶಿಯಾಗಿದ್ದ ಜಾನ್ ಥಾರ್ನ್‌ಲಿ ಕಂಪನಿಯಲ್ಲೇ ಕೆಲಸಕ್ಕೆ ಸೇರಿ ಮುಂದೆ ಅದರ ಪ್ರಧಾನ ವ್ಯವಸ್ಥಾಪಕರಾದರು.

1932ರಲ್ಲಿ ಬಂದ ಜೆ2 ಮಿಡ್ಜೆಟ್ ಮುಂದಿನ ಎರಡು ದಶಕಗಳ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ರೂಪವನ್ನು ನಿರ್ಧರಿಸಿತು. ಉದ್ದನೆಯ ಬಾನೆಟ್, ಮೊಣಕೈ ಚಾಚಲು ಅನುಕೂಲವಾಗುವಂತೆ ಬಾಗಿಸಿ ಕತ್ತರಿಸಿದ ಬಾಗಿಲು, ಮುಂದಕ್ಕೆ ಮಲಗಿಸಬಹುದಾದ ಮುಂಗಾಜು, ಹಿಂಭಾಗದಲ್ಲಿ ಹಲಗೆಯಂತೆ ನಿಂತ ಪೆಟ್ರೋಲ್ ಟ್ಯಾಂಕ್, ಅದರ ಬೆನ್ನಿಗೆ ಹೆಚ್ಚುವರಿ ಚಕ್ರ – ಇವು ಆ ರೂಪದ ಲಕ್ಷಣಗಳು. ಜೆ2 ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ಗೆ ಎರಡೇ ಬೇರಿಂಗುಗಳ ಆಧಾರವಿತ್ತು. ಉತ್ಸಾಹಿ ಮಾಲೀಕರು ವೇಗದ ಆಸೆಗೆ ಎಂಜಿನ್ನನ್ನು ಮಿತಿಮೀರಿ ದುಡಿಸಿದಾಗ ಅದು ಮುರಿಯುತ್ತಿದ್ದುದುಂಟು. ಸಾಧಾರಣ ಭಾಗಗಳಿಂದ ಅಸಾಧಾರಣ ಕೆಲಸ ಮಾಡಿಸುವ ಕಿಂಬರರ ಕ್ರಮಕ್ಕೆ ಇದ್ದ ಮಿತಿಯನ್ನು ಇದು ತೋರಿಸುತ್ತದೆ.

ಪಂದ್ಯಗಳಲ್ಲಿ ಸಾಧನೆ

ಪಂದ್ಯದಲ್ಲಿ ಗೆದ್ದ ಕಾರನ್ನು ಜನರು ಅಂಗಡಿಯಲ್ಲಿ ಹುಡುಕಿಕೊಂಡು ಬರುತ್ತಾರೆ ಎಂಬುದು ಕಿಂಬರರ ನಂಬಿಕೆಯಾಗಿತ್ತು. 1930ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ನಡೆದ ಡಬಲ್ ಟ್ವೆಲ್ವ್ ಪಂದ್ಯದಲ್ಲಿ ಎಂ-ಟೈಪ್ ಕಾರುಗಳು ತಂಡ ಪ್ರಶಸ್ತಿಯನ್ನು ಗಳಿಸಿದವು. 1931ರ ಫೆಬ್ರವರಿಯಲ್ಲಿ ಫ್ರಾನ್ಸಿನ ಮಾಂಟ್ಲೇರಿ ಪಥದಲ್ಲಿ ಜಾರ್ಜ್ ಐಸ್ಟನ್ ಎಂ.ಜಿ. ಕಾರನ್ನು ಗಂಟೆಗೆ 100 ಮೈಲಿಗಿಂತ (ಸುಮಾರು 161 ಕಿ.ಮೀ.) ಹೆಚ್ಚಿನ ವೇಗದಲ್ಲಿ ಓಡಿಸಿದರು. 750 ಸಿ.ಸಿ. ವರ್ಗದ ಕಾರೊಂದು ಆ ವೇಗವನ್ನು ಮುಟ್ಟಿದ್ದು ಅದೇ ಮೊದಲು.

1933ರಲ್ಲಿ ಕೆ3 ಮ್ಯಾಗ್ನೆಟ್ ಕಾರುಗಳು ಇಟಲಿಯ ಮಿಲ್ಲೆ ಮಿಲ್ಯಾ ಪಂದ್ಯದಲ್ಲಿ ತಮ್ಮ ವರ್ಗದ ಜಯವನ್ನೂ ತಂಡ ಪ್ರಶಸ್ತಿಯನ್ನೂ ಗೆದ್ದವು. ಅದೇ ವರ್ಷ ಇಟಲಿಯ ಸುಪ್ರಸಿದ್ಧ ಚಾಲಕ ತಾತ್ಸಿಯೊ ನುವೊಲಾರಿ ಉತ್ತರ ಐರ್ಲೆಂಡಿನ ಆರ್ಡ್ಸ್ ಪಥದಲ್ಲಿ ನಡೆದ ಟೂರಿಸ್ಟ್ ಟ್ರೋಫಿ ಪಂದ್ಯವನ್ನು ಕೆ3 ಓಡಿಸಿ ಗೆದ್ದರು. ಸಣ್ಣ ಪಟ್ಟಣವೊಂದರ ಸಣ್ಣ ಕಾರ್ಖಾನೆಗೆ ಇದು ದೊಡ್ಡ ಕೀರ್ತಿಯನ್ನು ತಂದಿತು.

1935ರ ಬದಲಾವಣೆ

ವಿಲಿಯಂ ಮಾರಿಸ್ 1934ರಲ್ಲಿ ಲಾರ್ಡ್ ನಫೀಲ್ಡ್ ಎಂಬ ಬಿರುದನ್ನು ಪಡೆದರು. ಅದುವರೆಗೆ ಅವರ ಸ್ವಂತ ಆಸ್ತಿಯಾಗಿದ್ದ ಎಂ.ಜಿ. ಕಂಪನಿಯನ್ನು 1935ರಲ್ಲಿ ಮಾರಿಸ್ ಮೋಟಾರ್ಸ್ ಸಂಸ್ಥೆಗೆ ವರ್ಗಾಯಿಸಿದರು. ಆ ಸಂಸ್ಥೆಯ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ಲಿಯೊನಾರ್ಡ್ ಲಾರ್ಡ್ ಖರ್ಚಿನ ವಿಷಯದಲ್ಲಿ ನಿಷ್ಠುರರು. ಅವರು ಎಂ.ಜಿ.ಯ ಪಂದ್ಯ ವಿಭಾಗವನ್ನು ಮುಚ್ಚಿಸಿದರು. ವಿನ್ಯಾಸ ವಿಭಾಗವನ್ನು ಕೌಲಿಗೆ ಒಯ್ದರು. ಕಿಂಬರರು ಮಾರಿಸ್ ಮೋಟಾರ್ಸ್ ಮಂಡಳಿಯ ಸದಸ್ಯರಾಗಿ ಅಬಿಂಗ್ಡನ್ನಿನಲ್ಲೇ ಉಳಿದರೂ ಹಿಂದಿನ ಸ್ವಾತಂತ್ರ್ಯ ಉಳಿಯಲಿಲ್ಲ.

1936ರಲ್ಲಿ ಬಂದ ಟಿ.ಎ. ಮಿಡ್ಜೆಟ್ ಮಾರಿಸ್ ಬಳಗದ ಇತರ ಕಾರುಗಳ ಭಾಗಗಳನ್ನೇ ಇನ್ನಷ್ಟು ಹೆಚ್ಚಾಗಿ ಬಳಸಿತು. ಹಳೆಯ ಅಭಿಮಾನಿಗಳು ಮೊದಲು ಮುಖ ಸಿಂಡರಿಸಿದರು. ಆದರೆ ಎಂಜಿನ್ ಗಟ್ಟಿಯಾಗಿತ್ತು, ಬ್ರೇಕ್ ಹೈಡ್ರಾಲಿಕ್ ಆಗಿತ್ತು, ರಿಪೇರಿ ಸುಲಭವಾಗಿತ್ತು. 1939ರಲ್ಲಿ ಇದರ ಸುಧಾರಿತ ರೂಪವಾದ ಟಿ.ಬಿ. 1250 ಸಿ.ಸಿ.ಯ ಹೊಸ ಎಂಜಿನ್ನಿನೊಡನೆ ಬಂದಿತು. ಕೆಲವೇ ತಿಂಗಳುಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ಕಾರುಗಳ ಉತ್ಪಾದನೆ ನಿಂತುಹೋಯಿತು.

ಪದಚ್ಯುತಿ

ಯುದ್ಧಕಾಲದಲ್ಲಿ ಅಬಿಂಗ್ಡನ್ ಕಾರ್ಖಾನೆಗೆ ಮೊದಮೊದಲು ಸೇನೆಗೆ ಬೇಕಾದ ಸಣ್ಣಪುಟ್ಟ ವಸ್ತುಗಳ ಕೆಲಸವಷ್ಟೇ ದೊರೆಯುತ್ತಿತ್ತು. ನುರಿತ ಕೆಲಸಗಾರರನ್ನು ಬರಿಗೈಯಲ್ಲಿ ಕೂರಿಸಲು ಒಪ್ಪದ ಕಿಂಬರರು ಆಲ್ಬಮಾರ್ಲ್ ಎಂಬ ಯುದ್ಧವಿಮಾನದ ಮುಂಭಾಗವನ್ನು ತಯಾರಿಸುವ ಗುತ್ತಿಗೆಯನ್ನು ತಾವಾಗಿಯೇ ಪಡೆದುಕೊಂಡರು. ಮೇಲಿನವರ ಒಪ್ಪಿಗೆಯನ್ನು ಮೊದಲೇ ಪಡೆದಿರಲಿಲ್ಲ. ನಫೀಲ್ಡ್ ಸಂಸ್ಥೆಯ ಆಡಳಿತಕ್ಕೆ ಇದು ಸಹನೆಯಾಗಲಿಲ್ಲ. 1941ರ ನವೆಂಬರ್ ತಿಂಗಳಲ್ಲಿ ಸಂಸ್ಥೆಯ ಉಪಾಧ್ಯಕ್ಷರಾಗಿದ್ದ ಮೈಲ್ಸ್ ಥಾಮಸ್ ಅಬಿಂಗ್ಡನ್ನಿಗೆ ಬಂದು ರಾಜೀನಾಮೆ ಕೇಳಿದರು. ಇಪ್ಪತ್ತು ವರ್ಷಗಳ ಸೇವೆ ಹಾಗೆ ಕೊನೆಗೊಂಡಿತು. ಸಂಸ್ಥೆಯನ್ನು ಕಟ್ಟಿದವರು ಕಿಂಬರರಾದರೂ ಅದರ ಒಡೆತನ ಎಂದೂ ಅವರದಾಗಿರಲಿಲ್ಲ.

ಅನಂತರ ಅವರು ಚಾರ್ಲ್ಸ್‌ವರ್ತ್ ಎಂಬ ಬಾಡಿ ನಿರ್ಮಾಣ ಸಂಸ್ಥೆಯಲ್ಲಿಯೂ, ಆಮೇಲೆ ಪಿಸ್ಟನ್ ತಯಾರಿಸುವ ಸ್ಪೆಷಲಾಯ್ಡ್ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು.

ವೈಯಕ್ತಿಕ ಜೀವನ

ಕಿಂಬರರು 1915ರಲ್ಲಿ ಐರೀನ್ ಹಂಟ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಇಬ್ಬರು ಹೆಣ್ಣುಮಕ್ಕಳು. ಐರೀನ್ 1938ರಲ್ಲಿ ನಿಧನರಾದರು. ಅದೇ ವರ್ಷ ಕಿಂಬರರು ಮ್ಯೂರಿಯಲ್ ಡ್ಯೂವರ್ ಅವರನ್ನು ಮದುವೆಯಾದರು. ಮೀನು ಹಿಡಿಯುವುದು ಮತ್ತು ಹಾಯಿದೋಣಿಯ ವಿಹಾರ ಅವರ ಹವ್ಯಾಸಗಳಾಗಿದ್ದವು.

ಮರಣ

1945ರ ಫೆಬ್ರವರಿ 4ರ ಭಾನುವಾರ ಸಂಜೆ ಕಿಂಬರರು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಲೀಡ್ಸ್ ಕಡೆಗೆ ಹೊರಟ ರೈಲನ್ನೇರಿದರು. ನಿಲ್ದಾಣ ದಾಟಿದ ಕೂಡಲೇ ಏರುದಾರಿಯ ಸುರಂಗವಿದೆ. ಅಲ್ಲಿ ಎಂಜಿನ್ನಿನ ಚಕ್ರಗಳು ಹಳಿಯ ಮೇಲೆ ಜಾರತೊಡಗಿ, ರೈಲು ನಿಂತು, ಕತ್ತಲೆಯಲ್ಲಿ ಚಾಲಕನ ಅರಿವಿಗೆ ಬಾರದೆಯೇ ಹಿಂದಕ್ಕೆ ಉರುಳಲಾರಂಭಿಸಿತು. ಅದನ್ನು ಬೇರೊಂದು ಹಳಿಗೆ ತಿರುಗಿಸುವ ಪ್ರಯತ್ನ ತಡವಾಯಿತು. ಕೊನೆಯ ಬೋಗಿ ಹಳಿ ತಪ್ಪಿ ಮಗುಚಿ, ಸಿಗ್ನಲ್ ಕಂಬಕ್ಕೆ ಅಪ್ಪಳಿಸಿತು. ಮೃತಪಟ್ಟವರು ಇಬ್ಬರು, ಅವರಲ್ಲಿ ಕಿಂಬರ್ ಒಬ್ಬರು. ಆಗ ಅವರಿಗೆ 56 ವರ್ಷ ವಯಸ್ಸು.

ಕಿಂಬರರ ನಂತರದ ಎಂ.ಜಿ. ಕಾರುಗಳು

ಕಿಂಬರರು ತೀರಿಕೊಂಡ ವರ್ಷವೇ ಯುದ್ಧ ಮುಗಿದು ಅಬಿಂಗ್ಡನ್ನಿನಲ್ಲಿ ಟಿ.ಸಿ. ಮಿಡ್ಜೆಟ್‌ನ ಉತ್ಪಾದನೆ ಆರಂಭವಾಯಿತು. ಅದು ಅವರ ಕಾಲದ ಟಿ.ಬಿ. ಕಾರನ್ನೇ ಸ್ವಲ್ಪ ಅಗಲಗೊಳಿಸಿದ ರೂಪ. 1949ರವರೆಗೆ ಹತ್ತು ಸಾವಿರ ಟಿ.ಸಿ.ಗಳು ತಯಾರಾದವು. ಸುಮಾರು ಎರಡು ಸಾವಿರ ಕಾರುಗಳು ಅಮೆರಿಕಕ್ಕೆ ಹೋದವು; ತೆರೆದ ಸ್ಪೋರ್ಟ್ಸ್ ಕಾರಿನ ಅಭಿರುಚಿಯನ್ನು ಆ ದೇಶದಲ್ಲಿ ಹರಡಿದವು. 1950ರಲ್ಲಿ ಟಿ.ಡಿ., 1953ರಲ್ಲಿ ಟಿ.ಎಫ್., 1955ರಲ್ಲಿ ಎಂಜಿಎ ಬಂದವು. 1962ರಿಂದ 1980ರವರೆಗೆ ತಯಾರಾದ ಎಂಜಿಬಿ, ಮುಚ್ಚಿದ ಮೇಲ್ಛಾವಣಿಯ ಮಾದರಿಯೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. 1980ರ ಅಕ್ಟೋಬರಿನಲ್ಲಿ ಅಬಿಂಗ್ಡನ್ ಕಾರ್ಖಾನೆ ಮುಚ್ಚಿತು.

ಮನೆಯಲ್ಲೇ ನಡೆಯುವ ಆರೈಕೆ

ಕಾರ್ಖಾನೆ ಮುಚ್ಚಿದರೂ ಕಾರುಗಳು ಕಣ್ಮರೆಯಾಗಲಿಲ್ಲ. ಅದಕ್ಕೆ ಕಾರಣ ಕಿಂಬರರು ಹಾಕಿಕೊಟ್ಟ ಕ್ರಮ. ಎಂ.ಜಿ.ಯ ಎಂಜಿನ್, ಗೇರ್‌ಬಾಕ್ಸ್ ಮತ್ತು ಆಕ್ಸಲ್‌ಗಳು ಸಾಮಾನ್ಯ ಕಾರುಗಳವೇ ಆದುದರಿಂದ ಅವುಗಳ ರಚನೆ ಸರಳ, ಬಿಡಿಭಾಗಗಳೂ ದುರ್ಲಭವಲ್ಲ. ಮನೆಯ ಪಕ್ಕದ ಷೆಡ್ಡಿನಲ್ಲಿ ಕೈಸಾಧನಗಳಿಂದಲೇ ಬಹುಪಾಲು ಕೆಲಸವನ್ನು ಮಾಲೀಕರು ಮಾಡಿಕೊಳ್ಳಬಹುದು.

ಟಿ ಸರಣಿಯ ಕಾರುಗಳ ಬಾಡಿಗೆ ಆಷ್ ಮರದ ಚೌಕಟ್ಟಿದೆ. ಹೊರಗಿನ ತಗಡು ಹೊಳೆಯುತ್ತಿದ್ದರೂ ಒಳಗಿನ ಮರ ನೀರು ಕುಡಿದು ಕೊಳೆತಿರಬಹುದು. ಬಾಗಿಲು ಜೋಲುವುದು, ಮುಚ್ಚುವಾಗ ಚಿಲಕಕ್ಕೆ ಸರಿಯಾಗಿ ಕೂರದಿರುವುದು ಇದರ ಮೊದಲ ಸೂಚನೆಗಳು. ಆದ್ದರಿಂದ ಅನುಭವಿಗಳು ಬಣ್ಣಕ್ಕೆ ಕೈಹಾಕುವ ಮೊದಲು ಮರವನ್ನು ಪರೀಕ್ಷಿಸುತ್ತಾರೆ. ಎಂಜಿಬಿಯಲ್ಲಿ ಪ್ರತ್ಯೇಕ ಚಾಸಿಯಾಗಲಿ ಮರದ ಚೌಕಟ್ಟಾಗಲಿ ಇಲ್ಲ. ಅಲ್ಲಿ ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾಯುವ ಪೆಟ್ಟಿಗೆಯಾಕಾರದ ಉಕ್ಕಿನ ಭಾಗವೇ ಕಾರಿನ ಬೆನ್ನೆಲುಬು. ಅದು ತುಕ್ಕು ಹಿಡಿದರೆ ಕಾರಿನ ನಡು ಕುಸಿಯುತ್ತದೆ. 1988ರಿಂದ ಎಂಜಿಬಿಗೆ ಮೂಲ ಅಚ್ಚುಗಳಿಂದಲೇ ತಯಾರಿಸಿದ ಹೊಸ ಬಾಡಿಗಳು ಮತ್ತೆ ದೊರೆಯತೊಡಗಿದವು.

ಟಿ.ಬಿ., ಟಿ.ಸಿ., ಟಿ.ಡಿ. ಕಾರುಗಳ ಎಂಜಿನ್ನಿನಲ್ಲಿ ಹೊಸಬರನ್ನು ತಬ್ಬಿಬ್ಬುಗೊಳಿಸುವ ಒಂದು ಸಂಗತಿಯಿದೆ. ಬೋಲ್ಟುಗಳ ತಲೆ ಬ್ರಿಟಿಷ್ ವಿಟ್‌ವರ್ತ್ ಅಳತೆಯದು; ಮರೆ ಮಾತ್ರ ಫ್ರೆಂಚ್ ಮೆಟ್ರಿಕ್ ಅಳತೆಯದು. ಮಾರಿಸ್ ಎಂಜಿನ್ನುಗಳನ್ನು ತಯಾರಿಸುತ್ತಿದ್ದ ಕವೆಂಟ್ರಿಯ ಕಾರ್ಖಾನೆ ಮೂಲತಃ ಫ್ರಾನ್ಸಿನ ಹಾಚ್‌ಕಿಸ್ ಸಂಸ್ಥೆಯದಾಗಿದ್ದು, ಅಲ್ಲಿನ ಯಂತ್ರಗಳು ಮೆಟ್ರಿಕ್ ಅಳತೆಯವಾಗಿದ್ದುದೇ ಇದಕ್ಕೆ ಕಾರಣ. ಓಲ್ಡ್ ನಂಬರ್ ಒನ್ ಕಾರಿನ ಎಂಜಿನ್ ಬಂದದ್ದೂ ಇದೇ ಮನೆತನದಿಂದ. ಕಳೆದುಹೋದ ಬೋಲ್ಟಿನ ಬದಲು ತಲೆಯ ಅಳತೆ ನೋಡಿ ಬೇರೆಯದನ್ನು ತಿರುಗಿಸಿದರೆ ಎಂಜಿನ್ ಬ್ಲಾಕಿನ ಮರೆಯೇ ಹಾಳಾಗುತ್ತದೆ.

ಬಹುತೇಕ ಎಂ.ಜಿ.ಗಳಲ್ಲಿ ಎಸ್.ಯು. ಕಾರ್ಬುರೇಟರುಗಳು ಜೋಡಿಯಾಗಿರುತ್ತವೆ. ಇವುಗಳ ನೆತ್ತಿಯಲ್ಲಿರುವ ಕೊಳವೆಗೆ ಆಗಾಗ ತೆಳು ಎಣ್ಣೆ ಹಾಕಬೇಕು. ಎಣ್ಣೆ ಒಣಗಿದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ತಡವರಿಸುತ್ತದೆ. ಎರಡೂ ಕಾರ್ಬುರೇಟರುಗಳು ಸಮನಾಗಿ ಗಾಳಿ ಎಳೆಯುತ್ತಿವೆಯೇ ಎಂಬುದನ್ನು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು, ಸುಯ್ಯೆಂಬ ಸದ್ದಿನಿಂದಲೇ ತಿಳಿಯುವುದು ಹಳೆಯ ಪದ್ಧತಿ.

ತಂತಿಕಡ್ಡಿಗಳ ಚಕ್ರವನ್ನು ನಡುವಿನ ಒಂದೇ ದೊಡ್ಡ ನಟ್ಟು ಹಿಡಿದಿರುತ್ತದೆ. ಬಹಳಷ್ಟು ಕಾರುಗಳಲ್ಲಿ ಅದಕ್ಕೆ ರೆಕ್ಕೆಗಳಿದ್ದು, ತಾಮ್ರದ ಅಥವಾ ಚರ್ಮದ ತಲೆಯ ಸುತ್ತಿಗೆಯಿಂದ ಹೊಡೆದು ಬಿಗಿಯಬೇಕು. ಓಡುವಾಗ ನಟ್ಟು ಸಡಿಲವಾಗದಿರಲೆಂದು ಕಾರಿನ ಎಡಭಾಗದ ಮತ್ತು ಬಲಭಾಗದ ಮರೆಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿವೆ. ಬಲಬದಿಯ ಹಬ್ಬನ್ನು ಎಡಬದಿಗೆ ಹಾಕಿದರೆ ಓಡುತ್ತಿರುವಾಗಲೇ ನಟ್ಟು ಸಡಿಲಗೊಂಡು ಚಕ್ರ ಕಳಚಿಕೊಳ್ಳುವ ಅಪಾಯವಿದೆ.

ಮಡಚುವ ಹುಡ್ಡನ್ನು ಒದ್ದೆಯಾಗಿರುವಾಗ ಮಡಚಿಡಬಾರದು; ಬಟ್ಟೆ ಬೂಸ್ಟು ಹಿಡಿದು ಮಡಿಕೆಯಲ್ಲಿ ಹರಿಯುತ್ತದೆ. ಹುಡ್ ಇಳಿಸಿ ಕಾರನ್ನು ನಿಲ್ಲಿಸಿದಾಗ ಆಸನಗಳಿಗೆ ಬಿಸಿಲು ಧೂಳು ತಾಗದಂತೆ ಟಾನೊ ಎಂಬ ಹೊದಿಕೆಯನ್ನು ಗುಂಡಿಗಳಿಂದ ಸಿಕ್ಕಿಸುತ್ತಾರೆ.

ಹೆಚ್ಚುವರಿ ಉಪಕರಣಗಳನ್ನು ಅಳವಡಿಸುವುದು ಎಂ.ಜಿ. ಮಾಲೀಕರ ಹಳೆಯ ಹವ್ಯಾಸ. ಹಿಂಭಾಗದ ಮೇಲೆ ಸಾಮಾನು ಕಟ್ಟುವ ಚೌಕಟ್ಟು, ಮುಂದೆ ಕ್ಲಬ್ಬುಗಳ ಬಿಲ್ಲೆಗಳನ್ನು ತೂಗುಹಾಕುವ ಸರಳು, ಮಂಜಿನ ದೀಪ, ಮುಂಗಾಜು ಮಲಗಿಸಿದಾಗ ಗಾಳಿ ತಡೆಯುವ ಚಿಕ್ಕ ಗಾಜುಗಳು, ಬಾನೆಟ್ಟಿನ ಮೇಲೆ ಬಿಗಿಯುವ ಚರ್ಮದ ಪಟ್ಟಿ – ಇವು ಸಾಮಾನ್ಯವಾಗಿ ಕಾಣಸಿಗುತ್ತವೆ. ಹೆಚ್ಚು ಶಕ್ತಿ ಬಯಸುವವರು ಸೂಪರ್‌ಚಾರ್ಜರ್ ಕೂರಿಸುವುದೂ ಉಂಟು. ವಿದ್ಯುತ್ ಉಪಕರಣಗಳ ವಿಷಯದಲ್ಲಿ ಎಚ್ಚರ ಅಗತ್ಯ. 1967ಕ್ಕಿಂತ ಹಿಂದಿನ ಎಂಜಿಬಿ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಬಾಡಿಗೆ ಜೋಡಿಸಲಾಗಿದೆ. ಇಂದಿನ ಪದ್ಧತಿ ಇದಕ್ಕೆ ವಿರುದ್ಧವಾದುದರಿಂದ, ಹೊಸ ರೇಡಿಯೊವನ್ನು ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ.

ಕಾರನ್ನು ಕಾರ್ಖಾನೆಯಿಂದ ಹೊರಬಂದಾಗ ಇದ್ದಂತೆಯೇ ಉಳಿಸಬೇಕೆನ್ನುವವರೂ, ತಮ್ಮ ರುಚಿಗೆ ತಕ್ಕಂತೆ ಬದಲಿಸಬಹುದೆನ್ನುವವರೂ ಅಭಿಮಾನಿಗಳಲ್ಲಿದ್ದಾರೆ. ಮೊದಲ ಎಂ.ಜಿ.ಯೇ ಮತ್ತೊಂದು ಕಾರನ್ನು ಬದಲಿಸಿ ಮಾಡಿದ್ದಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಭಾರತದೊಡನೆ ನಂಟು

ಮಾರಿಸ್ ಕಾರುಗಳ ಮೂಲಕ ಭಾರತಕ್ಕೂ ಈ ಪರಂಪರೆಯ ನಂಟಿದೆ. ಹಿಂದೂಸ್ತಾನ್ ಮೋಟಾರ್ಸ್ ತಯಾರಿಸಿದ ಅಂಬಾಸಿಡರ್ ಕಾರು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಭಾರತೀಯ ರೂಪ. ಅಂಬಾಸಿಡರಿನಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಮತ್ತು ಮೊದಲ ಎಂಜಿಎ ಕಾರಿನ ಎಂಜಿನ್ ಒಂದೇ ವಂಶದವು. ಕರ್ನಾಟಕದ ಊರೂರುಗಳಲ್ಲಿ ಅಂಬಾಸಿಡರ್ ಎಂಜಿನ್ನನ್ನು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗಳಿಗೆ ಎಂಜಿಎ ಕಾರಿನ ಬಾನೆಟ್ ಎತ್ತಿದರೆ ಪರಿಚಿತ ನೋಟವೇ ಕಾಣುತ್ತದೆ. ಎಂ.ಜಿ. ಎಂಬ ಹೆಸರು ಈಗ ಚೀನಾದ ಸಂಸ್ಥೆಯೊಂದರ ಒಡೆತನದಲ್ಲಿದೆ. 2019ರಿಂದ ಭಾರತದ ರಸ್ತೆಗಳಲ್ಲಿ ಓಡುತ್ತಿರುವ ಎಂ.ಜಿ. ಕಾರುಗಳ ಮೂತಿಯ ಮೇಲಿರುವ ಅಷ್ಟಭುಜಾಕೃತಿಯ ಲಾಂಛನ ಕಿಂಬರರ ಕಾಲದ್ದೇ.

ಮಹತ್ವ

ಕಿಂಬರರು ಎಂಜಿನಿಯರಿಂಗ್ ಪದವೀಧರರಲ್ಲ, ಬಂಡವಾಳಗಾರರೂ ಅಲ್ಲ. ಸಾಧಾರಣ ವಸ್ತುವಿನಲ್ಲಿ ಅಡಗಿರುವ ಚೆಲುವನ್ನು ಗುರುತಿಸುವ ಕಣ್ಣು ಮತ್ತು ಅದನ್ನು ಕಾರ್ಯರೂಪಕ್ಕೆ ತರಬಲ್ಲ ಜನರನ್ನು ಒಟ್ಟುಗೂಡಿಸುವ ಶಕ್ತಿ ಅವರಿಗಿತ್ತು. ಅವರ ಅಧಿಕಾರ 1941ರಲ್ಲಿ ಮುಗಿಯಿತು. ಅವರ ಕಾರ್ಖಾನೆ 1980ರಲ್ಲಿ ಮುಚ್ಚಿತು. ಸಾಮಾನ್ಯ ಕಾರನ್ನು ತಿದ್ದಿ ತೀಡಿ ತನ್ನದಾಗಿಸಿಕೊಳ್ಳುವ ಅವರ ಕ್ರಮ ಮಾತ್ರ, ಹಳೆಯ ಎಂ.ಜಿ.ಯನ್ನು ಮನೆಯಂಗಳದಲ್ಲಿ ನಿಲ್ಲಿಸಿಕೊಂಡು ಸ್ಪ್ಯಾನರ್ ಹಿಡಿಯುವವರ ಕೈಯಲ್ಲಿ ಇಂದಿಗೂ ಮುಂದುವರಿದಿದೆ.